ಬೀಡಿ ಸೇದುವವರ ಹೊತ್ತು

ನಮ್ಮಣ್ಣ ಗಾದಿಲಿಂಗಪ್ಪ ಸತ್ತು ಇಷ್ಟು ವರ್ಷವಾದರೂ ಅವನ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಅನ್ನಲಿ, ಅವರಿಗೇನು, ಸತ್ತವನು ಅವರ ಅಣ್ಣನಲ್ಲವಲ್ಲ. ಅವನು ಕುಡುಕನೋ ಜೂಜುಕೋರನೋ ಆಗಿದ್ದರೆ ನಾಲ್ಕು ಜನರ ಮುಂದೆ ಬೈದು ಹಗುರಾಗಬಹುದಿತ್ತು. ಇವನು ನಿಯತ್ತಿನ ಮನುಷ್ಯ. ನಿಯತ್ತಿನವನನ್ನು ಬೈಯಲು ಹೋದರೆ ಕೇಳಿದವರು ನನ್ನನ್ನೇ ಬೈಯುತ್ತಾರೆ. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ. ಅಕ್ಷರ ಕಲಿತದ್ದು ಬಹಳ ತಡವಾಗಿ, ನನ್ನ ಮಗಳು ಶಾಲೆ ಕಲಿಸುವವಳಾದ ಮೇಲೆ ಅವಳ ಕೈಯಿಂದ. ಕಲಿತದ್ದಕ್ಕೆ ಈಗ ಬರೆಯುತ್ತಿದ್ದೇನೆ.

ನಾವು ಹುಲಿಹೈದರದವರು. ಅಪ್ಪನ ಕಾಲಕ್ಕೆ ಹೊಲ ಸಾಕಾಗುತ್ತಿತ್ತು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮೇಲೆ ಗಾದಿಲಿಂಗಪ್ಪನಿಗೆ ಬಂದದ್ದು ಎತ್ತು ತಿರುಗಿಸಲಿಕ್ಕೂ ಜಾಗವಿಲ್ಲದ ಒಂದು ಪಟ್ಟಿ. ಹಾಗಾಗಿ ಮಂದಿಯ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ. ಹೋದವನು ಎಲ್ಲರಂತೆ ಹೋಗಿ ಎಲ್ಲರಂತೆ ಬರಬೇಕೋ ಬೇಡವೋ? ಒಮ್ಮೆ ನಮ್ಮ ಸೋದರಮಾವ ನವಲಿಯಿಂದ ನಡೆದುಕೊಂಡು, ಇವನಿಗೆ ಹೆಣ್ಣು ಗೊತ್ತಾದ ಸುದ್ದಿ ಹೇಳಲು ಸೀದಾ ಹೊಲಕ್ಕೇ ಬಂದ. ಕಳೆ ತೆಗೆಯುತ್ತಿದ್ದ ಇವನು ತಲೆ ಎತ್ತಲಿಲ್ಲ.

“ಹೊತ್ತು ಮುಳುಗಲಿ ಮಾವಾ, ಆಮ್ಯಾಲ ಮಾತಾಡೂಣು,” ಎಂದ.

“ನಿನ್ನ ಲಗ್ನದ ಮಾತಲೇ ಹುಚ್ಚಾ, ನಂದಲ್ಲ!” ಎಂದು ಮಾವ ಬದುವಿನ ಮೇಲೆ ನಿಂತು ಕೂಗಿದ.

“ಲಗ್ನ ನಂದು ಖರೇ, ಹೊತ್ತು ನಂದಲ್ಲ.”

ಮಾವ ಟವೆಲು ಕೊಡವಿಕೊಂಡು ಹೊರಟುಹೋದ. ಪುಣ್ಯಕ್ಕೆ ಹೆಣ್ಣು ಕೈತಪ್ಪಲಿಲ್ಲ, ಪಾರ್ವತೆಮ್ಮ ನಮ್ಮ ಅತ್ತಿಗೆಯಾಗಿ ಬಂದಳು. ಮಾವ ಮಾತ್ರ ಮದುವೆಯ ಪಂಕ್ತಿಯಲ್ಲೂ ಮುಖ ಗಂಟು ಹಾಕಿಕೊಂಡೇ ಉಂಡ.

ಈ ಗೀಳು ಇವನಿಗೆ ಎಲ್ಲಿಂದ ಹತ್ತಿತು ಅಂದರೆ, ಊರ ಮಠಕ್ಕೆ ಬಂದ ಸ್ವಾಮಿಗಳೊಬ್ಬರು ಒಂದು ಶ್ರಾವಣದಲ್ಲಿ ಕಾಯಕದ ವಿಷಯ ಹೇಳಿದ್ದರು. ಊರೆಲ್ಲ ಕೂತು ಕೇಳಿತು, ತಲೆ ಆಡಿಸಿತು, ಮನೆಗೆ ಹೋಗಿ ಉಂಡು ಮಲಗಿತು. ಇವನೊಬ್ಬ ಅದನ್ನು ಎದೆಗೆ ಹಚ್ಚಿಕೊಂಡ.

“ಕೂಲಿ ಇಸಗೊಂಡ ಮ್ಯಾಲ ಆ ಹೊತ್ತು ನಮ್ದಲ್ಲ ಶೇಖರವ್ವ,” ಎಂದು ನನಗೆ ಹೇಳುತ್ತಿದ್ದ. “ಅದು ಕೂಲಿ ಕೊಟ್ಟಾತಂದು. ಅದರಾಗ ಸುಮ್ಮನ ಕುಂತ್ರ ಅವನ ಕಣದಾಗಿನ ಜೋಳ ಕದ್ದಂಗ.”

ನನ್ನನ್ನು ಕೊಪ್ಪಳಕ್ಕೆ ಕೊಟ್ಟಿದ್ದರು. ನನ್ನ ಗಂಡ ಅಂದಪ್ಪ ರೈಲು ನಿಲ್ದಾಣದಲ್ಲಿ ಹಮಾಲಿ. ನಿಲ್ದಾಣದ ಆಚೆಗೆ ಒಂದು ಹತ್ತಿ ಜಿನ್ನು ಇತ್ತು. ಹೊಲದಿಂದ ಬಂದ ಹತ್ತಿಯಲ್ಲಿ ಕಾಳು ಬೇರೆ, ಅರಳೆ ಬೇರೆ ಮಾಡುವ ಕಾರಖಾನೆ. ನಾನು ಅಲ್ಲಿ ಹೆಂಗಸರ ಸಾಲಿನಲ್ಲಿ ನಿಂತು ಯಂತ್ರಕ್ಕೆ ಹತ್ತಿ ಉಣಿಸುತ್ತಿದ್ದೆ. ಸುಗ್ಗಿ ಮುಗಿದಾಗಿನಿಂದ ಮುಂಗಾರಿನವರೆಗೆ ಕೆಲಸ. ಜರ್ಮನಿಯವರ ಲಡಾಯಿ ಶುರುವಾದ ಹೊಸತರಲ್ಲಿ ಜಿನ್ನಿಗೆ ಗಂಡಾಳು ಬೇಕಾದರು. ನಾನೇ ಹೇಳಿಕಳಿಸಿ ಅಣ್ಣನನ್ನೂ ಅತ್ತಿಗೆಯನ್ನೂ ಕರೆಸಿಕೊಂಡೆ. ನಮ್ಮ ಮನೆಯ ಮುಂದಿನ ಪಡಸಾಲೆ ಅವರದಾಯಿತು. ಅವರಿಗೆ ಮಕ್ಕಳಿರಲಿಲ್ಲ.

ಅಣ್ಣನಿಗೆ ಕೊಟ್ಟದ್ದು ಅರಳೆ ಹೊರುವ ಕೆಲಸ. ಯಂತ್ರದ ಹಿಂದಿನ ಕೋಣೆಯಲ್ಲಿ ಬಂದು ಬೀಳುವ ಅರಳೆಯನ್ನು ತಬ್ಬಿಕೊಂಡು, ಹೊರೆ ಮಾಡಿ, ಒತ್ತಿ ಅಂಡಿಗೆ, ಅಂದರೆ ದೊಡ್ಡ ಮೂಟೆ, ಕಟ್ಟುವಲ್ಲಿಗೆ ಒಯ್ದು ಹಾಕಬೇಕು. ಆ ಕೋಣೆಗೆ ಕಿಟಕಿ ಇರಲಿಲ್ಲ, ಇದ್ದರೆ ಗಾಳಿಗೆ ಅರಳೆ ಹಾರುತ್ತದೆ ಅನ್ನುತ್ತಿದ್ದರು. ಒಳಗೆ ಹೋದವನು ಹೊರಗೆ ಬರುವಾಗ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಮೊದಲ ದಿನ ಅಣ್ಣನನ್ನು ನೋಡಿ ನಾವೆಲ್ಲ ಮುದುಕ ಬಂದ ಎಂದು ನಕ್ಕಿದ್ದೆವು.

ಜಿನ್ನಿನಲ್ಲಿ ಎಲ್ಲಕ್ಕಿಂತ ದೊಡ್ಡ ಹೆದರಿಕೆ ಬೆಂಕಿಯದು. ಅದಕ್ಕಾಗಿ ಬಾಗಿಲ ಜಮಾದಾರ ಬಾಬಾಸಾಬರ ಕೋಣೆಯ ಗೋಡೆಯಲ್ಲಿ ಒಂದು ಗೂಡು ಇತ್ತು. ಬೆಳಿಗ್ಗೆ ಬಂದ ಗಂಡಸರು ತಮ್ಮ ಬೀಡಿ, ಕಡ್ಡಿಪೆಟ್ಟಿಗೆ ಎಲ್ಲ ಅದರಲ್ಲಿ ಇಟ್ಟು ಒಳಗೆ ಹೋಗಬೇಕು. ನಡುವೆ ಸೇದಬೇಕು ಅನ್ನಿಸಿದರೆ ಬಂದು ಕೈ ಚಾಚಬೇಕು. ಬಾಬಾಸಾಬರು ಅವರವರ ಬೀಡಿ ಎತ್ತಿ ಕೊಡುತ್ತಾರೆ, ಅಂಗಳದ ಮೂಲೆಯ ಬೇವಿನ ಗಿಡದ ಕೆಳಗೆ ಸೇದಿ ಒಳಗೆ ಬರಬೇಕು. ಇಷ್ಟೇ ಕಾಯಿದೆ. ಬಿಡುವು ಕೊಡಿ ಎಂದು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಕೈ ಚಾಚಿದರೆ ಅದೇ ಬಿಡುವು. ಬೀಡಿ ಇಡದವನಿಗೆ ಕೈ ಚಾಚಿ ಕೇಳಲಿಕ್ಕೆ ಏನೂ ಇರುತ್ತಿರಲಿಲ್ಲ. ನಮ್ಮಣ್ಣ ಬೀಡಿ ಮುಟ್ಟಿದವನಲ್ಲ. ಬೆಳಿಗ್ಗೆ ಸ್ನಾನ ಮಾಡಿ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ನೀರು ಕೂಡ ಕುಡಿಯುತ್ತಿರಲಿಲ್ಲ. ಹೀಗಾಗಿ ಸೇದುವವರು ಬೇವಿನ ಗಿಡಕ್ಕೆ ಹೋದಾಗ ಅವರ ಪಾಲಿನ ಹೊರೆಯನ್ನೂ ಹೊತ್ತುಕೊಂಡು ಒಳಗೇ ಇರುತ್ತಿದ್ದ.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ವರ್ಷ ಕೆಮ್ಮು ಹತ್ತಿತು. ಶನಿವಾರ ಸಂತೆಯ ದಿನ ಜಿನ್ನು ನಿಂತರೆ ಕೆಮ್ಮೂ ನಿಲ್ಲುತ್ತಿತ್ತು, ಮರುದಿನ ಅರಳೆ ಕೋಣೆಗೆ ಕಾಲಿಟ್ಟರೆ ಮತ್ತೆ ಶುರು. ಉಸಿರು ಎಳೆದರೆ ಒಳಗೆ ಹೋಗದು. ತಡೆಯಲಾರದೆ ಒಂದು ದಿನ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು ಹೊರಗಿನ ಗಾಳಿಗೆ ಮುಖ ಒಡ್ಡಿ ನಿಂತ. ಅದೇ ಹೊತ್ತಿಗೆ ಜಿನ್ನಿನ ಸಾವ್ಕಾರರು ವಿರೂಪಾಕ್ಷಪ್ಪನವರು ಬರಬೇಕೇ?

“ಇಂವ ಯಾಕ ನಿಂತಾನ?” ಎಂದು ಅವರು ಬಾಬಾಸಾಬರನ್ನು ಕೇಳಿದರು.

“ನೀರು ಕುಡಿಯಾಕ ಬಂದಾನ್ರಿ,” ಎಂದರು ಬಾಬಾಸಾಬರು. ಪಾಪದ ಮನುಷ್ಯ, ಬಚಾವು ಮಾಡಲು ಅಂದ ಮಾತು.

“ಇಲ್ರಿ ಸಾವ್ಕಾರ್ರ,” ಎಂದ ನಮ್ಮಣ್ಣ. “ನೀರು ಕುಡಿಯಾಕಲ್ಲ. ಸುಮ್ಮನ ನಿಂತಿದ್ನಿ. ಒಳಗ ಉಸುರು ಆಡವಲ್ದು.”

ಸಾವ್ಕಾರರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಕಥೆ ಬೇರೆ ಆಗುತ್ತಿತ್ತು. ಅವರು ನಕ್ಕರು.

“ಬೀಡಿ ಸೇದೋ ಮಂದಿ ಹೊರಗ ಹೊಕ್ಕಾರ, ಅದು ಚಟ. ಚಟಕ್ಕ ಬ್ಯಾಡ ಅನ್ನಾಕ ಬರಂಗಿಲ್ಲ. ಖಾಲಿ ನಿಂದರತೀನಿ ಅಂದ್ರ ಹೆಂಗಪಾ? ಒಬ್ಬಾಂವ ನಿಂತ್ರ ಎಲ್ಲಾರೂ ನಿಂದರತಾರ.”

“ಹಂಗಾದ್ರ ನಿಂತಷ್ಟು ಹೊತ್ತಿನ ಕೂಲಿ ಮುರಕೊಳ್ರಿ.”

“ಕೂಲಿ ಅಂದ್ರ ಇಡೀ ದಿನದ್ದು. ತುಂಡು ಮಾಡಿ ಮುರಕೊಳ್ಳಾಕ ಅದೇನು ಕುಂಬಳಕಾಯೇನು?” ಎಂದು ಹೇಳಿ ಅವರು ಒಳಗೆ ನಡೆದರು. ಅಣ್ಣನೂ ಅರಳೆ ಕೋಣೆಗೆ ಹೋದ.

ಆ ಸಂಜೆ ಬಾಬಾಸಾಬರು ಅವನನ್ನು ಪಕ್ಕಕ್ಕೆ ಕರೆದರು. “ಖುದಾ ನಿನಗ ನಾಲಿಗಿ ಯಾಕ ಕೊಟ್ಟಾನೋ ಮಾರಾಯಾ,” ಎಂದು ಬೈದು, ಆಮೇಲೆ ಉಪಾಯ ಹೇಳಿದರು. “ನಾಳಿ ಒಂದು ಬೀಡಿ ಕಟ್ಟು ತಂದು ನನ್ನ ಗೂಡಿನ್ಯಾಗ ಇಡು. ಕೈ ಚಾಚು, ಕೊಡ್ತೀನಿ. ಗಿಡದ ಬುಡಕ ಹೋಗಿ ಕುಂದ್ರು. ಸೇದ್ತಿಯೋ ಬಿಡ್ತಿಯೋ ನೋಡಾವ್ರು ಯಾರದಾರ?”

ಅವನು ಒಪ್ಪಲಿಲ್ಲ. ಮನೆಯಲ್ಲಿ ನಾನೂ ಅತ್ತಿಗೆಯೂ ಕೂಡಿ ಜಗಳಾಡಿದೆವು. ಅತ್ತಿಗೆ ಅತ್ತಳು. ಕೊನೆಗೆ ಜೊತೆಗೆ ಅರಳೆ ಹೊರುವ ಗ್ಯಾನಪ್ಪ ತಾನೇ ಒಂದು ಕಟ್ಟು ತಂದು, ಇವನ ಹೆಸರು ಹೇಳಿ ಗೂಡಿನಲ್ಲಿ ಇಟ್ಟುಬಿಟ್ಟ. ಮರುದಿನ ಉಸಿರು ಕಟ್ಟಿ ಸೋತನೋ ಏನೋ, ನನ್ನ ಸಾಲಿನಿಂದ ಬಗ್ಗಿ ನೋಡಿದರೆ ನಮ್ಮಣ್ಣ ಬೇವಿನ ಗಿಡದ ಕೆಳಗೆ, ಹಚ್ಚದ ಬೀಡಿಯನ್ನು ಬೆರಳ ನಡುವೆ ಹಿಡಿದು ಕೂತಿದ್ದಾನೆ. ಎದುರಿಗೆ ಗವಿಮಠದ ಗುಡ್ಡ. ಅದನ್ನು ನೋಡುತ್ತ ಎದೆ ತುಂಬ ಉಸಿರು ಎಳೆದುಕೊಳ್ಳುತ್ತಿದ್ದ. ನನಗೆ ಎಷ್ಟು ಸಂತೋಷವಾಯಿತೆಂದರೆ, ಕೈಯಲ್ಲಿನ ಹತ್ತಿ ಯಂತ್ರಕ್ಕೆ ಹಾಕುವುದನ್ನೇ ಮರೆತು, ನಮ್ಮ ಕೆಲಸ ನೋಡಿಕೊಳ್ಳುವ ಮುಕದ್ದಮನ ಕೈಯಲ್ಲಿ ಬೈಸಿಕೊಂಡೆ.

ಕೆಲವು ವಾರ ಹಾಗೇ ನಡೆಯಿತು. ಕೆಮ್ಮು ಇಳಿಯಿತು, ರೊಟ್ಟಿ ಒಂದು ಹೆಚ್ಚು ಉಣ್ಣತೊಡಗಿದ. ಆದರೆ ಮನಸ್ಸಿಗೆ ಸಮಾಧಾನವಿರಲಿಲ್ಲ. ಸಂಜೆ ಸೀಟಿ ಹೊಡೆದು ಎಲ್ಲರೂ ಮನೆ ಸೇರಿದರೂ ಇವನು ಅಂಗಳ ಗುಡಿಸಿ ಬರುತ್ತಿದ್ದ. ಯಾಕೆ ಅಂದರೆ ಕೂತ ಹೊತ್ತು ತೀರಿಸಬೇಕಂತೆ. ಅದನ್ನೂ ಗುಡಿಸುವ ಮುದುಕಿ ನೂರಜಾನಬಿ ನಿಲ್ಲಿಸಿದಳು. “ನನ್ನ ಕೆಲಸ ನೀ ಮಾಡಿದ್ರ ನಾಳಿ ನನ್ನ ಯಾಕ ಇಟಗೋತಾರಪಾ?” ಎಂದು ಕೈಮುಗಿದು ಕೇಳಿದಳು. ಅವಳ ಮಾತೂ ನಿಜವೇ. ಅಣ್ಣ ಪೊರಕೆ ಅವಳ ಕೈಗೆ ಕೊಟ್ಟು ಬಂದ.

ಆಮೇಲೆ ಆದೆಪ್ಪನ ಮಾತು ಬಂತು. ಆದೆಪ್ಪನೂ ಅರಳೆ ಹೊರುವವನೇ. ಅವನು ಬೀಡಿ ಸೇದುತ್ತಿರಲಿಲ್ಲ, ತಂಬಾಕು ದವಡೆಗೆ ಇಟ್ಟುಕೊಂಡೇ ದುಡಿಯುತ್ತಿದ್ದ. ಉಳಿದವರು ಗಿಡದ ಕೆಳಗಿದ್ದಾಗ ಅವರ ಹೊರೆ ಈಗ ಆದೆಪ್ಪನೊಬ್ಬನ ಮೇಲೆ. ಒಂದು ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಕೂತಾಗ ಅವನು ರೇಗಿದ.

“ಗ್ಯಾನಪ್ಪಗ ಚಟ ಐತಿ, ಹೊಕ್ಕಾನ. ಅದು ಹೋಗಲಿ. ನೀ ಹಚ್ಚಲಾರದ ಬೀಡಿ ಹಿಡಕೊಂಡು ಕುಂದರತಿ, ನಿನ್ನ ಹೊರಿ ನಾ ಹೊರಬೇಕು. ದೊಡ್ಡ ಶರಣನಂಗ ಮಾತಾಡ್ತಿಯಲ್ಲ, ಇದು ಕಳವು ಅಲ್ಲೇನು?”

ಬೇರೆ ಯಾರಾದರೂ ಆಗಿದ್ದರೆ ತಿರುಗಿ ಎರಡು ಮಾತು ಆಡುತ್ತಿದ್ದರು. ನಾನು ಹೆಂಗಸರ ಕಡೆಯಿಂದ ಎದ್ದೇ ಬಿಟ್ಟಿದ್ದೆ. ಅಣ್ಣ ಕೈ ತೋರಿಸಿ ನನ್ನನ್ನು ಕೂಡಿಸಿದ.

“ಖರೇ ಐತಿ ಆದೆಪ್ಪ ನೀ ಹೇಳೂದು,” ಎಂದ.

ಖರೇ ಐತಿ ಅಂದವನು ಹೊರಗೆ ಹೋಗುವುದನ್ನು ಬಿಡುತ್ತಾನೆ ಎಂದು ನಾನು ತಿಳಿದೆ. ಬಿಡಲಿಲ್ಲ. ಬಿಟ್ಟರೆ ಉಸಿರು ಕಟ್ಟುತ್ತದೆ ಎಂದು ಅವನಿಗೂ ಗೊತ್ತಿತ್ತು. ಹಾಗೆಂದು ಸುಳ್ಳು ಹಿಡಿದು ಕೂರಲೂ ಆಗದು. ಮರುದಿನ ಬಾಬಾಸಾಬರ ಮುಂದೆ ಕೈ ಚಾಚಿದ, ಬೀಡಿ ಇಸಿದುಕೊಂಡ, ಗಿಡದ ಕೆಳಗೆ ಹೋಗಿ ಗ್ಯಾನಪ್ಪನ ಕಡ್ಡಿಯಿಂದ ಹಚ್ಚಿದ. ಮೊದಲ ದಮ್ಮಿಗೇ ಕಣ್ಣು ಮೇಲಾಯಿತು. ಕೆಮ್ಮಿ ಕೆಮ್ಮಿ ನೆಲಕ್ಕೆ ಕೈ ಊರಿದ. ಆದರೂ ಎಸೆಯಲಿಲ್ಲ. ಪೂರ್ತಿ ಸೇದಿದ.

ನನ್ನ ಸಿಟ್ಟು ಶುರುವಾದದ್ದು ಇಲ್ಲಿಂದ. ಗಾಳಿಗಾಗಿ ಹೊರಗೆ ಹೋದವನು ಹೊಗೆ ಕುಡಿದು ಒಳಗೆ ಬರುತ್ತಿದ್ದ. ಬೀಡಿ ಮುಗಿದ ಕೂಡಲೇ ಏಳುತ್ತಿದ್ದ, ಕೆಮ್ಮು ಇಳಿಯಲಿ ಎಂದು ಒಂದು ಗಳಿಗೆಯೂ ಕೂರುತ್ತಿರಲಿಲ್ಲ. ಉಳಿದವರು ಬೀಡಿ ಆರಿದ ಮೇಲೂ ಹರಟುತ್ತ ಇರುತ್ತಿದ್ದರು. ಅವರೆಲ್ಲ ಬದುಕಿದರು.

“ಹಚ್ಚಬ್ಯಾಡಣ್ಣಾ,” ಎಂದು ನಾನು ಬೇಡಿಕೊಂಡೆ. “ಕೈಯಾಗ ಹಿಡಕೊಂಡು ಕುಂದ್ರು ಸಾಕು. ಯಾರ್ ಏನಂತಾರ ಅಂತಾರ. ನಿನ್ನ ಜೀವ ದೊಡ್ಡದೋ ಆದೆಪ್ಪನ ಮಾತು ದೊಡ್ಡದೋ?”

“ಆದೆಪ್ಪನ ಮಾತಲ್ಲವ್ವ. ಬೀಡಿ ಸೇದೋರಿಗೆ ಅಂತ ಬಿಟ್ಟ ಹೊತ್ತು ಅದು. ಸೇದಿದ್ರ ನಂದು. ಸೇದಲಿಲ್ಲಂದ್ರ ಹೆಂಗ ನಂದಾಗತೈತಿ?”

ಇದಕ್ಕೆ ಏನು ಹೇಳುವುದು? ನನಗೆ ಅವತ್ತೂ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ. ತಪ್ಪು ಎಂದು ಗೊತ್ತು, ಎಲ್ಲಿ ತಪ್ಪು ಎಂದು ಅವನಿಗೆ ತೋರಿಸಿ ಕೊಡಲು ಆಗಲಿಲ್ಲ. ಅತ್ತಿಗೆಗೆ ಬೇರೆಯೇ ಸಂಕಟ. ಬೀಡಿ ಸೇದಿದ ಬಾಯಲ್ಲಿ ಹೇಗೆ ಮಂತ್ರ ಹೇಳುತ್ತೀರಿ ಎಂದು ಒಮ್ಮೆ ಬಾಯಿ ತಪ್ಪಿ ಅಂದುಬಿಟ್ಟಳು. ಮರುದಿನದಿಂದ ಅಣ್ಣ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವುದನ್ನೇ ಬಿಟ್ಟ. ಕೊರಳಲ್ಲಿ ಇದ್ದಂತೆಯೇ ಅದಕ್ಕೆ ಕೈಮುಗಿದು ಎದ್ದುಬಿಡುತ್ತಿದ್ದ. ಅತ್ತಿಗೆ ತಾನಂದ ಮಾತಿಗೆ ತಾನೇ ಗಲ್ಲ ಗಲ್ಲ ಬಡಿದುಕೊಂಡಳು, ಆದರೆ ಬಾಯಿಂದ ಹೋದದ್ದು ಹೋಯಿತು.

ಮೂರನೆಯ ವರ್ಷದ ಹೊತ್ತಿಗೆ ಕಫದಲ್ಲಿ ರಕ್ತ ಕಾಣಿಸಿತು. ಕೆಲಸ ಬಿಟ್ಟು ಹುಲಿಹೈದರಕ್ಕೆ ಹೋಗಿಬಿಡು ಎಂದರೆ, ಸಾವ್ಕಾರರಿಗೆ ಈ ಹಂಗಾಮಿನ ಮಾತು ಕೊಟ್ಟಿದ್ದೇನೆ ಎಂದ. ನನ್ನ ಗಂಡ ಅವನನ್ನು ಬಲವಂತದಿಂದ ಹಕೀಮ ಮೆಹಬೂಬಸಾಬರಲ್ಲಿಗೆ ಕರೆದುಕೊಂಡು ಹೋದ. ಹಕೀಮರು ನಾಡಿ ಹಿಡಿದು, ಬೆನ್ನಿಗೆ ಕಿವಿ ಹಚ್ಚಿ ಕೇಳಿ, ಎರಡೇ ಮಾತು ಹೇಳಿದರು. “ಇವತ್ತಿನಿಂದ ಬೀಡಿ ಮುಟ್ಟಬ್ಯಾಡ. ದಿನಾ ಛಲೋ ಗಾಳಿಗೆ ಕುಂದ್ರು.”

ಅಣ್ಣ ಹಿರಿಯರ ಮಾತು ಮೀರುವವನಲ್ಲ. ಆ ಕ್ಷಣಕ್ಕೇ ಬೀಡಿ ಬಿಟ್ಟ. ಅತ್ತಿಗೆ ಅವತ್ತು ಹೋಳಿಗೆ ಮಾಡಿದಳು. ಮರುದಿನ ಬೆಳಿಗ್ಗೆ ಅವನು ಸ್ನಾನ ಮಾಡಿ, ಬಹಳ ದಿನಗಳ ಮೇಲೆ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡ. ಕಣ್ಣಲ್ಲಿ ನೀರು ಬಂದಿತ್ತು. ನಾವೆಲ್ಲ ಗೆದ್ದೆವು ಅಂದುಕೊಂಡೆವು.

ಜಿನ್ನಿಗೆ ಹೋದ ಮೇಲೆ ನೋಡಿದರೆ, ಗ್ಯಾನಪ್ಪ ಹೊರಗೆ ಹೋದ, ಉಳಿದವರು ಹೋದರು, ಅಣ್ಣ ಬರಲಿಲ್ಲ. ಮಧ್ಯಾಹ್ನದ ಮೇಲೂ ಬರಲಿಲ್ಲ. ನಾನು ಮುಕದ್ದಮನ ಕಣ್ಣು ತಪ್ಪಿಸಿ ಬಾಬಾಸಾಬರ ಹತ್ತಿರ ಓಡಿದೆ. ಅವರು ಆಗಲೇ ಅರಳೆ ಕೋಣೆಯ ಬಾಗಿಲಲ್ಲಿ ನಿಂತು ಅವನನ್ನು ಕರೆಯುತ್ತಿದ್ದರು.

“ಗಾದಿಲಿಂಗಪ್ಪಾ, ಬಾರೋ ಹೊರಗ. ನಿನ್ನ ಕಟ್ಟು ಗೂಡಿನ್ಯಾಗ ಹಂಗ ಐತಿ.”

ಅಣ್ಣ ಹೊರೆ ಇಳಿಸಿ ಬಾಗಿಲಿಗೆ ಬಂದ. ಉಸಿರಾಡಿದರೆ ಎದೆಯೊಳಗೆ ಸೀಟಿ ಊದಿದ ಹಾಗೆ ಕೇಳುತ್ತಿತ್ತು. “ಅದನ್ನ ಗ್ಯಾನಪ್ಪಗ ಕೊಟ್ಟುಬಿಡ್ರಿ ಜಮಾದಾರ್ರ. ನಾ ಬೀಡಿ ಬಿಟ್ಟೀನಿ. ಇನ್ನ ಹೊರಗ ನಂದೇನು ಕೆಲಸ?”

“ಹಕೀಮ್ರು ಗಾಳಿಗೆ ಕುಂದ್ರು ಅಂದಾರಲ್ಲೋ!” ಎಂದು ನಾನು ಚೀರಿದೆ.

“ಕುಂದರತೀನವ್ವ, ಸಂಜಿಕ ಮನಿಗೆ ಹೋದ ಮ್ಯಾಲ.”

ಬಾಬಾಸಾಬರು ಹಣೆ ಹಣೆ ಬಡಿದುಕೊಂಡರು. ಆದೆಪ್ಪ ಕೂಡ ಬಂದು ಕೈ ಹಿಡಿದ. “ನಾ ಸಿಟ್ಟಿನ್ಯಾಗ ಅಂದಿದ್ನಿ ಮಾರಾಯಾ, ನಿನ್ನ ಹೊರಿ ನಾ ಹೊರತೀನಿ, ನೀ ಹೋಗು,” ಎಂದ. ಅಣ್ಣ ಅವನ ಕೈಯನ್ನು ಮೆಲ್ಲಗೆ ಬಿಡಿಸಿ, ನಕ್ಕು, ಒಳಗೆ ಹೋದ. ನಾನು ನಾಚಿಕೆ ಬಿಟ್ಟು ಸಾವ್ಕಾರರ ಮುಂದೆ ಹೋಗಿ ನಿಂತೆ. ಅವರು ನನ್ನ ಮಾತು ಕೇಳಿ ಬೆರಗಾದರು. “ನಾ ಎಲ್ಲಿ ಬ್ಯಾಡಂದೀನವ್ವ? ಕುಂದ್ರಲಿ ಬೇಕಾದ್ರ,” ಎಂದರು. ಅದನ್ನು ಹೋಗಿ ಅಣ್ಣನಿಗೆ ಹೇಳಿದೆ. ಸಾವ್ಕಾರರು ಮರುಕಕ್ಕೆ ಕೊಟ್ಟದ್ದು ಭಿಕ್ಷೆ, ದುಡಿಯುವ ಕೈ ಇರುವಾಗ ಭಿಕ್ಷೆ ಹೇಗೆ ತೆಗೆದುಕೊಳ್ಳಲಿ ಎಂದ. ಎಲ್ಲರೂ ಒಪ್ಪಿದ್ದರು, ಅವನೊಬ್ಬ ಒಪ್ಪಲಿಲ್ಲ. ಯಾರ ಕಾಲು ಹಿಡಿಯಬೇಕು ಹೇಳಿ.

ಹಂಗಾಮು ಮುಗಿಯುವ ಮೊದಲೇ ಅರಳೆಯ ರಾಶಿಯ ಮೇಲೆ ಬಿದ್ದ. ಗ್ಯಾನಪ್ಪನೂ ಆದೆಪ್ಪನೂ ಹೊತ್ತು ತಂದು ನಮ್ಮ ಪಡಸಾಲೆಯಲ್ಲಿ ಮಲಗಿಸಿದರು. ಆಮೇಲೆ ಏಳಲಿಲ್ಲ. ಎತ್ತಿ ಕೂಡಿಸಿದರೆ ಮಾತ್ರ ಉಸಿರಾಡುತ್ತಿದ್ದ. ಅತ್ತಿಗೆ ಹಗಲೆಲ್ಲ ಬೆನ್ನಿಗೆ ಒತ್ತಾಗಿ ಕೂತಿರುತ್ತಿದ್ದಳು.

ಆ ವರ್ಷ ನನ್ನ ಮಗಳು ಎದೆಹಾಲು ಕುಡಿಯುವ ಕೂಸು. ಅವಳನ್ನು ಅತ್ತಿಗೆಯ ಹತ್ತಿರ ಬಿಟ್ಟು ಹೋಗುತ್ತಿದ್ದೆ. ಹಾಲುಣಿಸುವ ಹೆಂಗಸರನ್ನು ಮಧ್ಯಾಹ್ನ ಒಂದಿಷ್ಟು ಹೊತ್ತು ಮನೆಗೆ ಹೋಗಿಬರಲು ಜಿನ್ನಿನಲ್ಲಿ ಬಿಡುತ್ತಿದ್ದರು. ಅವತ್ತೂ ಹಾಗೇ ಓಡಿ ಬಂದೆ. ಕೂಸಿಗೆ ಹಾಲು ಕುಡಿಸಿ, ಅತ್ತಿಗೆಯನ್ನು ಉಣ್ಣಲು ಎಬ್ಬಿಸಿ, ಅವಳ ಜಾಗದಲ್ಲಿ ನಾನು ಅಣ್ಣನ ಬೆನ್ನಿಗೆ ಕೂತೆ. ಬೆನ್ನೆಲುಬು ಒಂದೊಂದೂ ಕೈಗೆ ಸಿಗುತ್ತಿತ್ತು. ಹೋಗಲು ಮನಸ್ಸಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಅವನು ಕಣ್ಣು ತೆರೆದ. ಕೂಸು ನೆಲದ ಮೇಲೆ ಆಡುತ್ತಿತ್ತು.

“ಕೂಸು ಕುಡದು ಮುಗಿಸೇತೇನು?” ಎಂದು ಕೇಳಿದ.

“ಹೂಂ.”

“ಮತ್ತ ನೀ ಇನ್ನ ಯಾರ ಹೊತ್ತಿನ್ಯಾಗ ಕುಂತಿ ಶೇಖರವ್ವ?”

“ಸುಮ್ಮನಿರಣ್ಣಾ, ನಿನ್ನ ಕೈ ಮುಗಿತೀನಿ,” ಎಂದೆ.

“ಎದ್ದೇಳವ್ವ. ನಿನ್ನ ಯಂತ್ರದ ಮುಂದ ಬ್ಯಾರೆದಾಕಿ ನಿಂತಿರತಾಳ. ಹೋಗು.”

ಅವನು ಅಷ್ಟು ಮಾತಾಡಿದ್ದಕ್ಕೇ ಬೆವತು ಹೋಗಿದ್ದ. ನಾನು ಕೂತಷ್ಟೂ ಹೊತ್ತು ಅವನು ಹೋಗು ಹೋಗು ಎಂದು ಉಸಿರು ಖರ್ಚು ಮಾಡುತ್ತಾನೆ ಎಂದು ತಿಳಿಯಿತು. ಎದ್ದೆ. ಅತ್ತಿಗೆ ತುತ್ತು ಬಿಟ್ಟು ಬಂದು ಬೆನ್ನಿಗೆ ಕೂತಳು. ನಾನು ರೈಲು ಹಳಿಯ ಗುಂಟ ಓಡಿದೆ.

ಸಂಜೆ ಸೀಟಿ ಹೊಡೆದ ಮೇಲೆ ಮನೆಗೆ ಬಂದರೆ ಬಾಗಿಲಲ್ಲಿ ಜನ. ಅತ್ತಿಗೆ ಇನ್ನೂ ಅವನನ್ನು ಎದೆಗೆ ಒರಗಿಸಿಕೊಂಡೇ ಕೂತಿದ್ದಳು. ಏನಾದರೂ ಹೇಳಿದನೇ ಎಂದು ಕೇಳಿದೆ. ನೀರು ಕೇಳಲಿಲ್ಲ, ದೇವರನ್ನು ನೆನೆಯಲಿಲ್ಲ, ನಿನ್ನದೊಂದೇ ಮಾತು ಎಂದಳು. ನಾನು ಹೋದ ಮೇಲೆ ಎರಡು ಸಲ ಕೇಳಿದನಂತೆ, ಶೇಖರವ್ವ ಹೊತ್ತಿಗೆ ಸರಿಯಾಗಿ ಮುಟ್ಟಿದಳೇನು ಎಂದು.

ಮುಟ್ಟಿದ್ದೆ. ಯಂತ್ರದ ಮುಂದೆ ನಿಂತು ಸಂಜೆಯವರೆಗೆ ಹತ್ತಿ ಉಣಿಸಿದ್ದೆ.